ಹಿಪ್ಪುನೇರಳೆ ತೋಟಕ್ಕೆ ಬಿದ್ದ ಕಡಲಹಕ್ಕಿ

ಡಿಸೆಂಬರ್ 1, 2024, ಭಾನುವಾರ

ಹಕ್ಕಿಗಳಿಗೆ ಜಾಗ ಹಂಚಿದ ಕಥೆಯನ್ನು ನನಗೆ ಮೊದಲು ಹೇಳಿದ್ದು ನಮ್ಮಜ್ಜಿ ಅಕ್ಕಯಮ್ಮ. ಎಪ್ಪತ್ಮೂರನೇ ಇಸವಿ, ನನಗಾಗ ಏಳು ವರ್ಷ. ಅವತ್ತು ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿತ್ತು. ಹಣ್ಣು ಹುಳುವನ್ನು ಒಂದೊಂದೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ ಕೈಗೆ ಕೆಲಸವಿರುತ್ತದೆ, ಬಾಯಿಗೆ ಇರುವುದಿಲ್ಲ. ಆಗ ಕಥೆ ಹೇಳುವುದು ನಮ್ಮಲ್ಲಿ ವಾಡಿಕೆ. ಅಜ್ಜಿ ಹೋದ ಮೇಲೆ ನಮ್ಮ ಬೀದಿಯಲ್ಲಿ ಆ ಕೆಲಸ ನನ್ನದಾಯಿತು.

ಇವತ್ತು ಆ ಕಥೆ ಯಾಕೆ ನೆನಪಾಯಿತೋ ಗೊತ್ತಿಲ್ಲ. ಕೊನೆ ಮಾತ್ರ ನೆನಪಿಗೆ ಬರುತ್ತಿಲ್ಲ.

ಮಾರ್ಚಿನಿಂದ ಆರು ಬೆಳೆ ತೆಗೆದಿದ್ದೇವೆ. ಒಂದು ಬೆಳೆಗೂ ನಾನು ಕಥೆ ಹೇಳಿಲ್ಲ. ಹೆಂಗಸರು ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತೇನೆ. ಕಥೆಗೆ ಹೂಂಗುಟ್ಟುವವರು ಒಬ್ಬರು ಬೇಕು. ನನ್ನ ಕಥೆಗೆ ಹೂಂ ಅನ್ನುತ್ತಿದ್ದವನು ನನ್ನ ಮಗ ಜಗನ್. ಮೂರು ವರ್ಷದ ಮಗುವಾಗಿದ್ದಾಗಿನಿಂದ ಅಂದ. ಮೀಸೆ ಬಂದ ಮೇಲೂ, ಲಾರಿ ಓಡಿಸಲು ಹೋದ ಮೇಲೂ, ಊರಿಗೆ ಬಂದಾಗ ಹುಳು ಆರಿಸುತ್ತಾ ಕೂತು ಅಂದ. ಕಡಲ ದಂಡೆಯ ತದಡಿಯಿಂದ ಚಿಂತಾಮಣಿಗೆ ಮೀನು ತರುತ್ತಿದ್ದ. ಮಾರ್ಚ್ ಒಂಬತ್ತಕ್ಕೆ ಘಟ್ಟದಲ್ಲಿ ಲಾರಿ ಉರುಳಿತು. ಇಷ್ಟು ಬರೆದರೆ ಸಾಕು.

ಆ ತದಡಿಯಿಂದಲೇ ಆರು ವರ್ಷದ ಹಿಂದೆ ತನುಜಳನ್ನು ಮದುವೆ ಮಾಡಿಕೊಂಡು ಬಂದದ್ದು. ಮೀನುಗಾರರ ಮನೆ ಹುಡುಗಿ. ಮೊದಲ ಬೆಳೆಯಲ್ಲಿ 'ಹುಳು ಜ್ವರಕ್ಕೆ ಕೂತಿದೆ' ಎಂದು ನಾನು ಅಂದಾಗ ಗಾಬರಿಯಾಗಿ ಮಾತ್ರೆ ಹುಡುಕಿದ್ದಳು. ಕಾಯಿಲೆಯಲ್ಲ ಕಣಮ್ಮ, ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಒಂದು ದಿನ ಕೂತು ಹಳೆ ಚರ್ಮ ಬಿಡುತ್ತದೆ, ಆಗ ಮೈ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತೇವೆ ಎಂದು ಹೇಳಿಕೊಟ್ಟೆ. ಈಗ ಅವಳು ನನಗಿಂತ ಚೆನ್ನಾಗಿ ಉದುರಿಸುತ್ತಾಳೆ. ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಮಾತಿಲ್ಲ. ಜಗನ್ ಹೋದ ದಿನದಿಂದ ಅವಳು ಅತ್ತಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಸುತ್ತಾಳೆ. ತನ್ನ ಫೋನು ಆಫ್ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ.

ಹಾಗಾಗಿ ಅವಳ ಅಮ್ಮ ನನಗೇ ಫೋನ್ ಮಾಡುತ್ತಾರೆ. ಇವತ್ತೂ ಮಾಡಿದ್ದರು. "ಒಂದು ತಿಂಗಳ ಮಟ್ಟಿಗಾದ್ರೂ ಕಳಿಸಿಕೊಡಿ ಅಕ್ಕ, ಅದರ ಮುಖ ನೋಡ್ಬೇಕು" ಅಂದರು. ಹೇಳ್ತೀನಿ ಅಂದೆ. ಹೇಳಲಿಲ್ಲ. ಹಿಂದಿನ ಸಲಗಳಲ್ಲೂ ಹೇಳಲಿಲ್ಲ. ಹೋದರೆ ಅವಳು ತಿರುಗಿ ಬರುವುದಿಲ್ಲ, ನನಗೆ ಗೊತ್ತು. ಆಮೇಲೆ ಈ ಮನೆಯಲ್ಲಿ ಜಗನ್‌ನನ್ನು ಕಂಡವರು ಅಂತ ಇರುವುದು ನಾವು ಗಂಡ ಹೆಂಡತಿ ಇಬ್ಬರು ಮುದುಕರು, ಮತ್ತೆ ಗೋಡೆ.

ತಮಿಳುನಾಡಿನ ಕಡೆ ಚಂಡಮಾರುತವಂತೆ. ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಹುಳು ನಾಳೆ ನಾಲ್ಕನೇ ಜ್ವರಕ್ಕೆ ಕೂರುತ್ತದೆ. ಈ ಥಂಡಿಯಲ್ಲಿ ಹೇಗೋ ಏನೋ.

ಡಿಸೆಂಬರ್ 2, ಸೋಮವಾರ

ಬೆಳಿಗ್ಗೆ ಇವರು ತೋಟದಿಂದ ಗೋಣಿಚೀಲದಲ್ಲಿ ಏನೋ ಸುತ್ತಿಕೊಂಡು ಬಂದರು.

"ಶ್ಯಾಮಲ, ಬಾ ಇಲ್ಲಿ. ನೆಂಟ್ರು ಬಂದವ್ರೆ."

ನೋಡಿದರೆ ಹಕ್ಕಿ. ಕಾಗೆಗಿಂತ ದಪ್ಪ, ಸುಟ್ಟ ಕಡಲೆಬೀಜದ ಸಿಪ್ಪೆಯ ಬಣ್ಣ.

"ಬಾತುಕೋಳಿನಾ?" ಅಂದೆ.

"ಬಾತುಕೋಳಿ ಆಗಿದ್ರೆ ಸಾರಿಗೆ ನೀರಿಡು ಅಂತಿದ್ದೆ. ಕಾಲು ಬಾತಿಂದು, ಮೈ ಕಾಗೆದು, ಮೂಗು ಯಾರದ್ದೋ ಗೊತ್ತಿಲ್ಲ."

ನಿಜವಾಗಿ ಅದರ ಕೊಕ್ಕಿನ ಮೇಲೆ ಎರಡು ಸಣ್ಣ ಕೊಳವೆಗಳಂಥ ಮೂಗು. ಅದರಿಂದ ನೀರು ಇಳಿದು ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ನೆಗಡಿ ಅಂದುಕೊಂಡೆ. ಪಕ್ಕದ ಮನೆ ರಾಧಾಮಣಿ ಬಂದು, "ಪಾಪಮು, ಕಾಲು ಮುರ್ಕೊಂಡೈತಕ್ಕ, ನಿಲ್ಲಕ್ಕೇ ಆಗ್ತಿಲ್ಲ" ಅಂದಳು. ನಿಲ್ಲಿಸಿದರೆ ಮುಂದಕ್ಕೆ ಮುಗ್ಗರಿಸಿ ಎದೆಯ ಮೇಲೆ ಕೂರುತ್ತಿತ್ತು. ರಾಗಿ ಹಾಕಿದೆ, ಅಕ್ಕಿ ಹಾಕಿದೆ, ನೂಲು ತೆಗೆದು ಉಳಿದ ಗೂಡಿನೊಳಗಿನ ಹುಳು ತಂದು ಹಾಕಿದೆ. ನಮ್ಮ ಕೋಳಿಗಳು ಜಗಳವಾಡಿ ತಿನ್ನುವಂಥದ್ದು. ಇದು ಮುಟ್ಟಲಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತೇ ಇತ್ತು.

ನನಗೆ ತೋರಿದ್ದು ಒಂದೇ. ಒಳಗೆ ಇಪ್ಪತ್ತು ಸಾವಿರ ಹುಳು ಹಾಗೇ ತಲೆ ಎತ್ತಿ ಕೂತಿವೆ. ಇದೂ ಹಾಗೆ ಕೂತಿದೆ. ಮೈಯೆಲ್ಲ ಒದ್ದೆ ಬೇರೆ. ಮಂಕರಿಯಲ್ಲಿ ಕೂರಿಸಿ, ಹುಳುವಿಗೆ ಉದುರಿಸಿದ ಬಟ್ಟೆಯಿಂದಲೇ ಸುಣ್ಣದ ಪುಡಿ ಉದುರಿಸಿದೆ. ರೆಕ್ಕೆ ಬಿಡಿಸಿ ಕೆಳಗೂ ಹಾಕಿದೆ. ಮೇವು ಬೇಡ, ಒಂದು ದಿನ ಬಿಡಣ, ತಾನೇ ಏಳತ್ತೆ ಅಂದೆ. ಮೂವತ್ತೈದು ವರ್ಷ ಹುಳು ಸಾಕಿದ ಕೈ. ಚೆನ್ನಾಗಿಯೇ ಹಾಕಿದ್ದೆ. ಎಲ್ಲೂ ಗರಿ ಕಾಣದ ಹಾಗೆ ಬೆಳ್ಳಗಾಯಿತು.

ತನುಜ ಸೊಪ್ಪು ಕೊಯ್ಯಲು ಹೋಗಿದ್ದಳು. ಬಂದವಳು ಮಂಕರಿ ನೋಡಿ ಹೊರೆ ಅಲ್ಲೇ ಬಿಟ್ಟಳು.

ಡಿಸೆಂಬರ್ 3, ಮಂಗಳವಾರ

"ಎಂತಕ್ಕೆ ಹೀಂಗೆ ಮಾಡಿದ್ರಿ ಅತ್ತೆ?"

ತನುಜ ನಿನ್ನೆ ಅಂದದ್ದು, ಅವಳ ಊರಿನ ಮಾತಿನಲ್ಲಿ. ಈ ಮನೆಗೆ ಬಂದ ಮೇಲೆ ನಮ್ಮ ಹಾಗೆ ಆಡುವುದು ಕಲಿತಿದ್ದಳು. ಸಿಟ್ಟಿನಲ್ಲಿ ಅದು ಹೊರಗೆ ಬಂತು. ಒಂಬತ್ತು ತಿಂಗಳಿಗೆ ಮೊದಲ ಸಲ ಅವಳು ಸಿಟ್ಟಾದದ್ದು ನೋಡಿದೆ. ನಿನ್ನೆ ಇಡೀ ಸಂಜೆ ಒಣಬಟ್ಟೆಯಿಂದ ಸುಣ್ಣ ಒರೆಸಿದಳು. ಅದನ್ನು ನನಗೆ ಮುಟ್ಟಗೊಡಲಿಲ್ಲ.

ಇವರು ಫೋಟೋ ತೆಗೆದು ಚಿಂತಾಮಣಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಗಂಗಾಧರ್ ಮೇಷ್ಟ್ರಿಗೆ ಕಳಿಸಿದ್ದರು. ಅವರು ಇವತ್ತು ಬಂದೇ ಬಿಟ್ಟರು. ಕಾಫಿ ತಣ್ಣಗಾದರೂ ಕುಡಿಯದೆ ಅದನ್ನೇ ನೋಡಿದರು.

"ಇದು ಕಡಲ ಮೇಲೇ ಬದುಕೋ ಹಕ್ಕಿ ಅಮ್ಮ. ಮೊಟ್ಟೆ ಇಡೋಕೆ ಬಿಟ್ರೆ ನೆಲಕ್ಕೆ ಬರೋದೇ ಇಲ್ಲ. ಚಂಡಮಾರುತದ ಗಾಳಿ ತಳ್ಕೊಂಡು ಬಂದು ಇಲ್ಲಿ ಬಿಸಾಕಿದೆ."

"ಕಾಲು ಮುರಿದಿದೆಯಲ್ಲ ಮೇಷ್ಟ್ರೇ" ಅಂದೆ.

"ಮುರಿದಿಲ್ಲ. ಅದರ ಕಾಲೇ ಅಷ್ಟು." ತಂತಿಯ ಮೇಲೆ ಕೂತ ಕಾಗೆ ತೋರಿಸಿದರು. "ಅದಕ್ಕೆ ನೋಡಿ, ಹಿಂದಕ್ಕೊಂದು ಬೆರಳು. ಕೊಂಬೆ ಹಿಡಿಬೇಕಲ್ಲ. ಕಡಲಲ್ಲಿ ಹಿಡಿಯೋಕೆ ಏನಿದೆ? ಈಜ್ಬೇಕು ಅಷ್ಟೆ. ಅದಕ್ಕೇ ಬೆರಳಿಗೆಲ್ಲ ಪೊರೆ, ಕಾಲು ದೋಣಿ ಹುಟ್ಟಿನ ಥರ ಹಿಂದಕ್ಕೆ. ನೆಲದ ಮೇಲೆ ಮೈ ಹೊರಲ್ಲ."

ಇವರು ಮೆಲ್ಲಗೆ ಒಂದು ರೆಕ್ಕೆ ಬಿಡಿಸಿದರು. ಬಿಡಿಸಿದಷ್ಟೂ ಬಂತು. ಕಾಗೆಯದು ಮೊರದ ಹಾಗೆ ಅಗಲ. ಇದರದು ಕುಡುಗೋಲಿನ ಹಾಗೆ ಉದ್ದ, ಸಣ್ಣ. ಅಂಥ ರೆಕ್ಕೆಗೆ ಎದುರು ಗಾಳಿ ಬೇಕಂತೆ, ಇಲ್ಲವೇ ಎತ್ತರ. ನಮ್ಮ ತೋಟದ ಸಾಲಿನಿಂದ ಎದ್ದು ಹೋಗುವುದು ಅದರ ಕೈಲಾಗದ್ದು.

"ನೆಗಡಿ?" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ತನುಜ ಕೊಕ್ಕಿನ ತುದಿಯ ಹನಿಯನ್ನು ಬೆರಳಿಗೆ ತೆಗೆದು ನಾಲಿಗೆಗಿಟ್ಟುಕೊಂಡಳು. "ಉಪ್ಪು ಅತ್ತೆ. ಕಡಲ ನೀರನ್ನೇ ಕುಡಿತದೆ. ಒಳಗೆ ಸೇರಿದ ಉಪ್ಪನ್ನ ಹೀಗೆ ಹೊರಗೆ ಹಾಕ್ತಾನೇ ಇರ್ಬೇಕು. ನಮ್ಮಪ್ಪ ದೋಣಿಲಿ ತೋರಿಸಿದ್ದ."

"ಸರಿಯಾಗಿ ಹೇಳಿದ್ರಿ" ಎಂದರು ಮೇಷ್ಟ್ರು. "ಕಣ್ಣಿನ ಮೇಲ್ಗಡೆ ಅದಕ್ಕಂತಲೇ ಗ್ರಂಥಿ ಇದೆ. ಅದಿಲ್ಲದ ಹಕ್ಕಿ ಕಡಲ ನೀರು ಕುಡಿದ್ರೆ ಉಳಿಯಲ್ಲ."

ಹೊರಡುವಾಗ ಗರಿ ಮುಟ್ಟಿ ನೋಡಿದರು. ಗರಿಗಳು ಹೆಂಚಿನ ಹಾಗೆ ಒಂದಕ್ಕೊಂದು ಹೆಣೆದುಕೊಂಡು, ಅದು ಕೊಕ್ಕಿನಿಂದ ಸವರಿಕೊಳ್ಳುವ ಎಣ್ಣೆಯೂ ಸೇರಿ, ಮೈಗೆ ನೀರು ತಾಗುವುದಿಲ್ಲವಂತೆ. ಸುಣ್ಣ ಎಣ್ಣೆಯನ್ನು ಕುಡಿದುಬಿಟ್ಟಿದೆ, ಎಳೆಗಳನ್ನು ಅಂಟಿಸಿಬಿಟ್ಟಿದೆ. "ಬೇಕು ಅಂತ ಮಾಡಿದ್ದಲ್ಲವಲ್ಲ ಬಿಡಿ" ಅಂದರು. ತಿಂದು ಗಟ್ಟಿಯಾದರೆ, ಗರಿ ಸರಿಹೋದರೆ, ಎತ್ತರದ ಜಾಗದಿಂದ ಬಿಡಬಹುದಂತೆ.

"ಕಳವಾರದ ಕಡೆಯಿಂದ ಹತ್ತಿ ಸ್ಕಂದಗಿರಿ ಬೆಟ್ಟದ ಮೇಲಿಂದ ಬಿಡಣ" ಅಂದರು ಇವರು. "ಬೆಳಗಾಗೆದ್ರೆ ಅಲ್ಲಿ ಮೋಡನೇ ಕಡಲಿದ್ದಂಗೆ ಇರುತ್ತೆ. ಅದಕ್ಕೂ ಗಾಬ್ರಿ ಆಗಲ್ಲ."

ತನುಜ ನಕ್ಕಳೇನೋ. ಮುಖ ಆ ಕಡೆ ಇತ್ತು.

ಡಿಸೆಂಬರ್ 4, ಬುಧವಾರ

ಮೀನು ಬೇಕು. ಅದು ಬೇರೇನೂ ತಿನ್ನುವುದಿಲ್ಲ.

ನಮ್ಮ ಮನೆಯಲ್ಲಿ ಹುಳುವಿರುವಾಗ ಮೀನು ತರುವುದಿಲ್ಲ. ಒಗ್ಗರಣೆಯನ್ನೂ ಹಿತ್ತಲಲ್ಲಿ ಹಾಕುತ್ತೇವೆ. ಕಟುವಾಸನೆ ಹುಳುವಿಗೆ ಆಗದು ಎಂದು ನನ್ನ ಅತ್ತೆ ಹೇಳಿದ್ದರು; ಅವರ ಅತ್ತೆ ಅವರಿಗೆ ಹೇಳಿದ್ದರು. ಒಂದು ಬೆಳೆ ಎದ್ದರೆ ಇನ್ನೊಂದು ಬೆಳೆ. ಹುಳುವಿಲ್ಲದ ವಾರವೆಂದರೆ ಸುಣ್ಣ ಬಳಿಯುವ ವಾರ, ಆಗ ಅಡುಗೆಗೆ ಯಾರಿಗೆ ಬಿಡುವು.

ಬರೆಯುವಾಗ ಈಗ ಹೊಳೆಯಿತು. ಆರು ವರ್ಷ. ದಿನಾ ಮೀನು ತಿಂದು ಬೆಳೆದವಳು ಆರು ವರ್ಷದಿಂದ ಈ ಮನೆಯಲ್ಲಿ ಒಂದು ದಿನವೂ ಮೀನು ಬೇಯಿಸಿಲ್ಲ. ಕೇಳಿಯೂ ಇಲ್ಲ.

"ಹಕ್ಕಿನ ತೋಟದ ಪಂಪ್‌ಮನೆಗೆ ಒಯ್ತೀನಿ" ಅಂದಳು ತನುಜ. "ಅಲ್ಲೇ ತಿನ್ನಿಸ್ತೀನಿ. ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ ಒಳಗೆ ಬರ್ತೀನಿ. ನಿಮ್ಮ ಹುಳಕ್ಕೆ ಏನೂ ಆಗಲ್ಲ."

ನಿಮ್ಮ ಹುಳ ಅಂದಳು. ಇಷ್ಟು ದಿನ ನಮ್ಮ ಹುಳ ಅನ್ನುತ್ತಿದ್ದಳು.

ಇವರು ಶಿಡ್ಲಘಟ್ಟಕ್ಕೆ ಹೋಗಿ ಸಣ್ಣ ಮೀನು ತಂದರು. ಪೊಟ್ಟಣ ಬಿಚ್ಚಿ, ಆ ಮೀನಿಗೆ ಅವಳ ಊರಿನಲ್ಲಿರುವ ಹೆಸರು ಹಿಡಿದು, "ತಾರ್ಲೆ" ಅಂದಳು, ಯಾರೋ ಗುರುತಿನವರನ್ನು ಕರೆದ ಹಾಗೆ.

ಡಿಸೆಂಬರ್ 5, ಗುರುವಾರ

ನಾಲ್ಕು ಮೀನು ನುಂಗಿತಂತೆ, ಇಡಿಯಾಗಿ, ತಲೆ ಮುಂದಾಗಿ.

ಸೊಪ್ಪಿಗೆ ಹೋದಾಗ ಪಂಪ್‌ಮನೆಯಿಂದ ಮಾತು ಕೇಳಿಸಿತು. ತನುಜ ಅದರ ಜೊತೆ ಮಾತಾಡುತ್ತಿದ್ದಳು, ಅವಳ ಮನೆಯ ಭಾಷೆಯಲ್ಲಿ, ನಿಲ್ಲಿಸದೆ. ನನಗೆ ಒಂದು ಪದವೂ ತಿಳಿಯಲಿಲ್ಲ. ಹೊರೆ ಹೊತ್ತುಕೊಂಡೇ ನಿಂತು ಕೇಳಿದೆ.

ಅವಳ ಅಮ್ಮನ ಫೋನು ಬಂತು. ತೋಟದಲ್ಲಿದ್ದಾಳೆ ಅಂದೆ. ಇದಾದರೂ ಸುಳ್ಳಲ್ಲ.

ಡಿಸೆಂಬರ್ 6, ಶುಕ್ರವಾರ

ಮೇಷ್ಟ್ರು ಫೋನಿನಲ್ಲಿ ಒಂದು ಪರೀಕ್ಷೆ ಹೇಳಿದ್ದರು: ತೊಟ್ಟಿ ನೀರಿನ ಮೇಲೆ ಬಿಟ್ಟು ನೋಡಿ, ಮೈ ಒಣಗಿದ್ದು ತೇಲಿದರೆ ಭಾನುವಾರ ಬೆಟ್ಟಕ್ಕೆ ಹೋಗಬಹುದು.

ಮಧ್ಯಾಹ್ನ ಬಿಸಿಲು ಬಂದಾಗ ಬಿಟ್ಟೆವು. ನೀರು ಕಂಡ ಕೂಡಲೇ ಅದರ ಮೈಗೆ ಜೀವ ಬಂತು. ನೆಲದಲ್ಲಿ ಕೈಲಾಗದ್ದರ ಹಾಗಿದ್ದ ಕಾಲು ನೀರಲ್ಲಿ ಎಷ್ಟು ಚೆಂದ ಆಡಿತು! ಅರೆ ನಿಮಿಷ ರಾಣಿಯ ಹಾಗೆ ಹೋಯಿತು. ಇವರು, "ನೋಡಮ್ಮ, ನೋಡಮ್ಮ" ಅಂದರು ತನುಜಳಿಗೆ.

ಆಮೇಲೆ ಹಿಂಭಾಗ ಇಳಿಯತೊಡಗಿತು. ಗರಿಗಳು ಒದ್ದೆಯಾಗಿ ಮೈಗೆ ಅಂಟಿದವು. ಬಾವಿಗೆ ಬಿದ್ದ ಕೋಳಿಯ ಹಾಗೆ ಕೊರಳು ಮಾತ್ರ ಮೇಲಿತ್ತು. ತನುಜ ಎದೆಯುದ್ದದ ತೊಟ್ಟಿಗೆ ಸೀರೆಯಲ್ಲೇ ಇಳಿದು ಎತ್ತಿಕೊಂಡಳು. ಅದು ಅವಳ ಮೇಲೆ ಎಣ್ಣೆ ಎಣ್ಣೆಯಾಗಿ ವಾಂತಿ ಮಾಡಿತು. ಮೀನಿನ ವಾಸನೆ ತೊಟ್ಟಿಯ ಸುತ್ತ ಹರಡಿತು.

ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಅತ್ತಳು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿ, ಆಮೇಲೆ ಜಗನ್‌ನ ಹೆಸರು ಹಿಡಿದು. ಇವರು ತೋಟದ ಆ ತುದಿಗೆ ಹೋಗಿಬಿಟ್ಟರು. ನಾನು ಹತ್ತಿರ ಹೋಗಿ ಕೂತೆ. ಅಳಬೇಡ ಅನ್ನಬೇಕೆಂದು ಬಾಯಿಗೆ ಬಂದಿತ್ತು. ಉಪ್ಪು ಹೊರಗೆ ಹಾಕ್ತಾನೇ ಇರಬೇಕು ಎಂದು ಅವಳೇ ಹೇಳಿದ್ದಳಲ್ಲ. ಅವಳನ್ನು ಒರಗಿಸಿಕೊಂಡೆ. ನನ್ನ ಭುಜವೆಲ್ಲ ಮೀನಿನ ವಾಸನೆಯಾಯಿತು.

ಆ ಬಟ್ಟೆಯಲ್ಲೇ ಒಳಗೆ ಬಂದು ಹುಳುವಿಗೆ ಸೊಪ್ಪು ಹಾಕಿದೆ. ಸ್ನಾನ ಮಾಡಿಲ್ಲ ಎಂದು ನೆನಪಾದದ್ದು ಹಾಕಿ ಮುಗಿಸಿದ ಮೇಲೆ.

ಡಿಸೆಂಬರ್ 7, ಶನಿವಾರ

ಬೆಳಿಗ್ಗೆ ಹಕ್ಕಿ ಸತ್ತಿತ್ತು. ಪಂಪ್‌ಮನೆಯಲ್ಲಿ ಬೆಚ್ಚಗಿರಲೆಂದು ಹಚ್ಚಿಟ್ಟಿದ್ದ ಬಲ್ಬಿನ ಹತ್ತಿರ, ಗೋಡೆಗೆ ಒರಗಿಕೊಂಡು.

ತೋಟದ ಮೂಲೆಯಲ್ಲಿ ಇವರು ಗುಂಡಿ ತೋಡಿದರು. ತನುಜ ಅಡುಗೆಮನೆಯಿಂದ ಕಲ್ಲುಪ್ಪಿನ ಡಬ್ಬಿ ತಂದು ಪೂರ್ತಿ ಸುರಿದಳು. ಉಪ್ಪು ಬಿದ್ದಲ್ಲಿ ಗಿಡ ಬರುವುದಿಲ್ಲ. ಇವರಿಗೆ ಅದು ಗೊತ್ತು. ಆದರೂ ಮೇಲೆ ಮಣ್ಣು ಎಳೆದರು.

ನಾನು ಕೊಂದೆ ಎಂದು ಯಾರೂ ಹೇಳಲಿಲ್ಲ.

ಹುಳು ಚೆನ್ನಾಗಿ ಮೇಯುತ್ತಿದೆ.

ಡಿಸೆಂಬರ್ 9, ಸೋಮವಾರ

ನಿನ್ನೆ ಇಡೀ ದಿನ ಕೈ ಸುಣ್ಣದ ಡಬ್ಬಿಯ ಕಡೆ ಹೋಗಲಿಲ್ಲ. ತನುಜಳೇ ಮಾಡಿದಳು.

ಇವತ್ತು ಸೊಪ್ಪು ಹಾಕುತ್ತಾ ಹೇಳಿಬಿಟ್ಟೆ. ಮುಖ ನೋಡಿ ಹೇಳಲಾಗಲಿಲ್ಲ, ಹುಳುವಿನ ಕಡೆ ನೋಡಿಕೊಂಡು ಹೇಳಿದೆ.

"ನಿಮ್ಮಮ್ಮ ಫೋನ್ ಮಾಡ್ತಾ ಇದ್ರು ಕಣಮ್ಮ. ಕಳಿಸಿ ಅಂತಿದ್ರು. ನಾನೇ ನಿಂಗೆ ಹೇಳ್ಲಿಲ್ಲ."

ಅವಳ ಕೈ ನಿಂತಿತು. "ಯಾವಾಗಿಂದ?"

"ಅವನ ತಿಥಿ ಆದಾಗಿಂದ."

"ನಾನು ಅಮ್ಮಂಗೆ ಬೇಡವಾದೆ ಅಂದ್ಕೊಂಡಿದ್ದೆ ಅತ್ತೆ. ಹೇಳದೆ ಮದ್ವೆ ಆಗಿ ಬಂದವಳು, ಗಂಡ ಸತ್ತ ಮೇಲೆ ಯಾರು ಕರೀತಾರೆ ಅಂತ."

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ನನ್ನ ಗೋಡೆಗಳನ್ನು ಮಾತ್ರ ನೋಡುತ್ತಿದ್ದೆ. ನನ್ನ ಫೋನನ್ನು ಅವಳ ಕೈಗೆ ಕೊಟ್ಟೆ. ಮಹಡಿಗೆ ಹೋದಳು. ಬಂದಾಗ ಹೊತ್ತು ಮುಳುಗಿತ್ತು. ಫೋನನ್ನು ನನ್ನ ಕೈಗೆ ಕೊಡದೆ ಕಿಟಕಿಯಲ್ಲಿಟ್ಟಳು. ಒಂದು ಪೂರ್ತಿ ಮುದ್ದೆ ತಿಂದಳು. ಸಾರಿಗೆ ಇನ್ನೊಂದಿಷ್ಟು ಉಪ್ಪು ಹಾಕಿಕೊಂಡಳು.

ಡಿಸೆಂಬರ್ 11, ಬುಧವಾರ

ಹುಳು ಹಣ್ಣಾಯಿತು. ಮೀನಿನ ವಾಸನೆಗೆ ಒಂದೂ ಸತ್ತಿಲ್ಲ. ರಾಧಾಮಣಿ ಮತ್ತೆ ಬೀದಿಯ ಇಬ್ಬರು ಹೆಂಗಸರು ಬೆಳಿಗ್ಗೆಯೇ ಬಂದರು. ಇವರು ಚಂದ್ರಿಕೆ ಜೋಡಿಸಿದರು. ತನುಜ ನನ್ನ ಎದುರಿಗೆ ಕೂತಳು.

"ಅಕ್ಕ, ಗಂಟಲು ಇವತ್ತಾದ್ರೂ ಸರಿ ಹೋಯ್ತಾ? ನಂಗೆ ನಿದ್ದೆ ಬರ್ತೈತೆ" ಅಂದಳು ರಾಧಾಮಣಿ.

"ನಿಂಗೆ ಕಥೆ ಹೇಳಿದ್ರೂ ನಿದ್ದೆ ಬರುತ್ತೆ ಬಿಡೇ" ಅಂದೆ. ಅಂದ ಮೇಲೆ ಹೇಳಲೇಬೇಕಾಯಿತು.

ಬೆಟ್ಟದಮ್ಮ ಒಂದು ದಿನ ಹಕ್ಕಿಗಳನ್ನೆಲ್ಲ ಕರೆದು ಜಾಗ ಹಂಚಿದಳು ಎಂದೆ. ಕೆರೆ ಕೊಕ್ಕರೆಗೆ, ಮರ ಕಾಗೆಗೆ, ಪೊದೆ ಗೌಜಲಹಕ್ಕಿಗೆ, ಬಂಡೆ ಹದ್ದಿಗೆ.

ಅಲ್ಲಿ ನಿಂತೆ. ಅಲ್ಲಿ ಹೂಂ ಬರಬೇಕು. ಯಾರೂ ಅನ್ನಲಿಲ್ಲ. ಹೆಂಗಸರು ಹುಳು ನೋಡುತ್ತಿದ್ದರು. ಇವರು ಹಗ್ಗದ ಗಂಟು ನೋಡುತ್ತಿದ್ದರು. ಇಷ್ಟಕ್ಕೇ ಸಾಕು ಅಂದುಕೊಂಡೆ.

"ಹೂಂ" ಅಂದಳು ತನುಜ.

ನಾನು ಮುಂದೆ ಹೇಳಿದೆ. ಒಂದು ಹಕ್ಕಿ ತಡವಾಗಿ ಬಂತು. ಉಳಿದದ್ದು ಉಪ್ಪುನೀರು ಮಾತ್ರ. "ಅದನ್ನೇ ಕೊಡು" ಅಂತು. ಬೆಟ್ಟದಮ್ಮ ಅಂದಳು, ಅಲ್ಲಿ ನಿಲ್ಲಲು ನೆಲವಿಲ್ಲ, ನಡೆಯುವ ಕಾಲು ಹಿಂದಕ್ಕೆ ಕೊಡು, ದೋಣಿ ಹುಟ್ಟಿನಂಥ ಕಾಲು ಕೊಡುತ್ತೇನೆ. ಹೂಂ. ಅಲ್ಲಿ ಕೂರಲು ಕೊಂಬೆಯಿಲ್ಲ, ಹಿಡಿಯುವ ಬೆರಳು ಕೊಡು, ಗಾಳಿಯ ಮೇಲೆ ಒರಗುವ ರೆಕ್ಕೆ ಕೊಡುತ್ತೇನೆ. ಹೂಂ. ಅಲ್ಲಿ ಸಿಹಿನೀರಿಲ್ಲ... ಇಲ್ಲಿ ಅಜ್ಜಿ ಹೇಳಿದ್ದು ಬೇರೆ ಏನೋ. ನಾನು ಮೂಗಿನ ಕೊಳವೆ ಸೇರಿಸಿದೆ. ಅಜ್ಜಿ ಕಡಲು ಕಂಡವಳಲ್ಲ; ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲ ಕೊಟ್ಟು ಎಲ್ಲ ಪಡೆದ ಮೇಲೆ ಹಕ್ಕಿ ಕೇಳಿತು, "ಮೊಟ್ಟೆ ಎಲ್ಲಿ ಇಡಲಿ?" ಬೆಟ್ಟದಮ್ಮ ಅಂದಳು, "ಅದಕ್ಕೆ ನನ್ನ ಮನೆಗೆ ಬಾ. ಆಮೇಲೆ ಹೋಗು. ಇಲ್ಲೇ ಇದ್ದರೆ ನಾನು ಕೊಟ್ಟದ್ದೆಲ್ಲ ನಿನಗೆ ಭಾರವಾಗುತ್ತದೆ."

"ಹೂಂ. ಆಮೇಲೆ?"

"ಆಮೇಲೆ ಹಕ್ಕಿ ಹಾರಿಹೋಯ್ತು."

"ಬೆಟ್ಟದಮ್ಮ ಏನು ಮಾಡಿದ್ಲು ಅತ್ತೆ?"

ಏಳು ವರ್ಷದವಳಾಗಿದ್ದಾಗ ನಾನೂ ಇದನ್ನೇ ಕೇಳಿದ್ದೆ. ಅಜ್ಜಿ ಹುಳುವಿನಿಂದ ಕಣ್ಣೆತ್ತದೆ ಹೇಳಿದ್ದು ಆಗ ಬಾಯಿಗೆ ಬಂತು.

"ಇನ್ನೇನ್ ಮಾಡ್ತಾಳೆ. ಬಾಗ್ಲು ತೆಗ್ದಿಟ್ಟು ಕೆಲ್ಸಕ್ಕೆ ಹೋದ್ಲು."

ಡಿಸೆಂಬರ್ 12, ಗುರುವಾರ

ಬೆಳಿಗ್ಗೆ ರಾಧಾಮಣಿ ಬಂದು ಮಂಕರಿ ಕೇಳಿದಳು. ಅವರ ಮನೆಯಲ್ಲೂ ಹುಳು ಹಣ್ಣಾಗುತ್ತಿದೆ. ತನುಜ ಅದನ್ನು ತೊಳೆದು ಬಿಸಿಲಿಗಿಟ್ಟಿದ್ದಳು, ಎತ್ತಿಕೊಟ್ಟಳು. ಇನ್ನಿಬ್ಬರು ಹೆಂಗಸರು ಡೈರಿಗೆ ಹಾಲು ಹಾಕಿ ಹೋಗುವಾಗ ಕಿಟಕಿಯಿಂದ ಚಂದ್ರಿಕೆ ನೋಡಿ, ನೂಲು ಬಿಡುತ್ತಿದೆ ಅಂದರು.

ಇವರು ಬೈಕು ಒರೆಸಿದರು, ಯಾವತ್ತೂ ಒರೆಸದವರು.

ತದಡಿಗೆ ಹೊರಡಲು ತನುಜ ಒಂದೇ ಚೀಲ ಕಟ್ಟಿಕೊಂಡಳು. ಜಗನ್‌ನ ಹಸಿರು ಸ್ವೆಟರ್ ಹಿಡಿದು ಬಂದು, "ಇದನ್ನ ಒಯ್ಲಾ?" ಅಂದಳು. ಅದು ಬೀರುವಿನಲ್ಲಿ ಅವನ ವಾಸನೆ ಉಳಿದಿದ್ದ ಕಡೆಯ ಬಟ್ಟೆ. ಕೈ ಮಡಚಿ, ಗುಂಡಿ ಹಾಕಿ, ನಾನೇ ಚೀಲದ ಮೇಲ್ಗಡೆ ಇಟ್ಟೆ. ಅಲ್ಲಿ ಗಾಳಿ ಜಾಸ್ತಿ ಇರುತ್ತದೆ. ಬುತ್ತಿಗೆ ಹುಣಸೆಹುಳಿ ಅನ್ನ ಕಟ್ಟಿದ್ದೆ, ಉಪ್ಪು ಸ್ವಲ್ಪ ಮುಂದಾಗಿ.

ಯಾವಾಗ ಬರ್ತೀಯ ಎಂದು ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಬೈಕು ಶಿಡ್ಲಘಟ್ಟದ ರಸ್ತೆಗೆ ತಿರುಗುವವರೆಗೂ ಸದ್ದು ಕೇಳಿಸಿತು.

ಇದನ್ನು ತೋಟದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಡ್ಡಿ ಸವರಬೇಕು, ಮುಂದಿನ ಬೆಳೆಗೆ ಚಿಗುರಬೇಕಲ್ಲ. ಮನೆಯ ಬಾಗಿಲು ಹಾಕಿ ಬರಬೇಕಿತ್ತು, ರಾಧಾಮಣಿಯ ಕೋಳಿಗಳು ನುಗ್ಗುತ್ತವೆ. ಮಳೆಗೆ ನೆಲವೆಲ್ಲ ಥಂಡಿ ಹಿಡಿದಿದೆ, ಆರಲಿ ಎಂದು ತೆಗೆದೇ ಇಟ್ಟು ಬಂದೆ.